ರಾಟಿಗೆ ಮುಡಿಸಿದ ಮಲ್ಲಿಗೆ

ನೂಲು ಸುತ್ತುವ ರಾಟಿಯ ಕಂಬಕ್ಕೆ ಒಂದು ಮಲ್ಲಿಗೆ ಮಾಲೆ ಕಟ್ಟಿತ್ತು. ಹಬ್ಬವಿಲ್ಲ, ಪೂಜೆಯಿಲ್ಲ. ಸೀರೆ ಕೊಳ್ಳಲು ರಬಕವಿಯ ನೇಕಾರರ ಮನೆಗೆ ಹೋದ ನಾನು ಬಾಗಿಲಲ್ಲೇ ನಿಂತೆ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ರಾಟಿಯ ಮುಂದೆ ಕೂತು ಆ ಮನೆಯ ಸೊಸೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಳೆ ವಯಸ್ಸು, ಹಣೆ ಬರಿದು, ಕೈ ಬರಿದು.

“ರಾಟಿಗ್ಯಾಕ್ರೀ ಹೂವು?” ಎಂದೆ.

ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಅವಳ ಮಾವ ಲಾಳಿ ನಿಲ್ಲಿಸಿದರು. “ನನ್ನ ಮಗ ಇದ್ದಾಗ ಈಕಿಗೆ ದಿನಾ ಒಂದು ಮಾಲಿ ತರ್ತಿದ್ದ. ಈಗ ಈಕಿ ಮುಡೀಬಾರ್ದಂತ ಮಂದಿ ಅಂತಾರ. ರಾಟಿ ಮುಡೀಬಾರ್ದಂತ ಯಾರೂ ಅಂದಿಲ್ಲ ನೋಡವಾ.”

ಸೊಸೆ ತಲೆ ಎತ್ತಲಿಲ್ಲ. ರಾಟಿ ತಿರುಗಿದಂತೆಲ್ಲ ಹೂವಿನ ಕಂಪು ಅವಳ ಮುಖಕ್ಕೆ ಬರುತ್ತಿತ್ತು.

ತೇರದಾಳದ ನಮ್ಮ ಮನೆಯಲ್ಲೂ ಗಂಡನನ್ನು ಕಳೆದುಕೊಂಡ ಅಕ್ಕ ಇದ್ದಳು. ಬರುವಾಗ ನಾನೂ ಒಂದಾಣೆಯ ಮಾಲೆ ತಂದು, ಮರುದಿನ ನಸುಕಿನಲ್ಲಿ ಅವಳು ಏಳುವ ಮೊದಲೇ ಬೀಸುಕಲ್ಲಿಗೆ ಸುತ್ತಿಟ್ಟೆ. ಅಕ್ಕ ಅದನ್ನು ನೋಡಿದಳು. ಜೋಳ ಹಾಕಿ ಬೀಸಲು ಕೂತಳು. ಸ್ವಲ್ಪ ಹೊತ್ತಿಗೆ, ಭಾವ ಹೋದಂದಿನಿಂದ ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ ಅವಳ ಬೀಸುವ ಪದ ಕೇಳಿಸಿತು.