ಪರದೆಯ ಮೇಲೊಂದು ಸೋಪಿನ ಪೊರೆ

ಶಿಡ್ಲಘಟ್ಟದ ಪಕ್ಕದ ನಮ್ಮ ಊರಲ್ಲಿ ಹುಳು ಮನೆ ಮೊದಲು, ಮನುಷ್ಯರ ಮನೆ ಆಮೇಲೆ. ನಮ್ಮಲ್ಲಿದ್ದ ಒಂದೇ ಯುಪಿಎಸ್ಸನ್ನೂ ಅಪ್ಪ ರೇಷ್ಮೆಹುಳುಗಳ ಫ್ಯಾನಿಗಾಗಿ ತಂದಿದ್ದರು. ಅದರಿಂದ ನನ್ನ ಹಳೇ ಕಂಪ್ಯೂಟರಿಗೂ ಒಂದು ವೈರು ಎಳೆದುಕೊಟ್ಟಿದ್ದರು.

ಚಿಂತಾಮಣಿಯ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾ ನಾನು ಪಿಎಚ್‌ಡಿಗೆ ಒದ್ದಾಡುತ್ತಿದ್ದೆ. ಬಳೆಯನ್ನು ಸೋಪಿನ ನೀರಿಗೆ ಅದ್ದಿ ತೆಗೆದರೆ ನಡುವೆ ಪೊರೆ ನಿಲ್ಲುತ್ತದಲ್ಲ, ಅದೇ ನನ್ನ ವಿಷಯ. ಬಳೆಯ ಬದಲು ಸೊಟ್ಟ ತಂತಿಯಿದ್ದರೆ ಪೊರೆ ಹೇಗೆ ಬಾಗುತ್ತದೆಂದು ಒಂದು ಅವಕಲ ಸಮೀಕರಣ ಹೇಳುತ್ತದೆ. ಅದನ್ನು ಬಿಡಿಸಿ ಪರದೆಯ ಮೇಲೆ ಚಿತ್ರ ಮೂಡಿಸಲು ನನ್ನ ಕಂಪ್ಯೂಟರಿಗೆ ಇಡೀ ದಿನ ಬೇಕು. ನಡುವೆ ನಿಂತರೆ ಮತ್ತೆ ಮೊದಲಿಂದ. ಅರ್ಧದಲ್ಲಿ ಉಳಿಸಿಡುವಷ್ಟು ಜಾಣ ಪ್ರೋಗ್ರಾಂ ನನ್ನದಲ್ಲ.

ಒಂದು ದಿನ ಕರೆಂಟು ಹೋಗಿ, ಫ್ಯಾನು ಕಂಪ್ಯೂಟರು ಎರಡನ್ನೂ ಹೊತ್ತ ಬ್ಯಾಟರಿ ಕೈಕೊಟ್ಟು ಎಲ್ಲ ಹಾಳಾಯಿತು. ಮರುದಿನ ಸಂಜೆಯೊಳಗೆ ಚಿತ್ರ ಗೈಡಿಗೆ ತಲುಪದಿದ್ದರೆ ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ. ಅತ್ತುಬಿಟ್ಟೆ. ನಡುವೆ ನಿಲ್ಲಿಸಲೇಬಾರದಾ ಎಂದು ಅಪ್ಪ ಕೇಳಿದರು, ಹೌದೆಂದೆ. ಹುಳು ಪೊರೆ ಬಿಡಲು ಕದಲದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಅದನ್ನು ಯಾರೂ ಮುಟ್ಟುವಂತಿಲ್ಲ.

"ಹಂಗಾದ್ರೆ ಇದಕ್ಕೂ ಜ್ವರಾನೇ ಕಣಮ್ಮ," ಅಂದರು.

ಮರುದಿನ ಬೆಳಗ್ಗೆಯೇ ಶುರು ಮಾಡಿ ಕೋಣೆಯ ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ಆದರೆ ಹಿಂದಿನ ದಿನ ಬೇಗನೆ ಸೋತ ಬ್ಯಾಟರಿ ಅವತ್ತು ಸೋಲಲೇ ಇಲ್ಲ. ದೇವರು ದೊಡ್ಡವನು ಅಂದುಕೊಂಡೆ. ಸಂಜೆಗೆ ಸೊಟ್ಟ ತಂತಿಯ ನಡುವೆ ಪೊರೆ ಮೂಡಿತು, ಒಂದು ಕಡೆ ಏರಿ, ಇನ್ನೊಂದು ಕಡೆ ಇಳಿದು, ಎಲ್ಲೂ ಸುಕ್ಕಿಲ್ಲದೆ. ಎಷ್ಟು ಮುದ್ದಾಗಿತ್ತು! ಫೋನಿನಲ್ಲಿ ಗೈಡಿಗೆ ಕಳಿಸಿ ಅಪ್ಪನಿಗೆ ತೋರಿಸಲು ಓಡಿದೆ.

ಹುಳು ಮನೆಯಲ್ಲಿ ಫ್ಯಾನು ನಿಂತಿತ್ತು. ಬೇಸಿಗೆಯ ಹುಳು, ಅದೂ ಗೂಡು ಕಟ್ಟಲು ಹತ್ತಿರವಾದದ್ದು. ಸೆಕೆಗೆ ಸಾಯತೊಡಗಿದರೆ ಇಡೀ ಬೆಳೆಯೇ ಹೋಗುತ್ತದೆ. ಅಮ್ಮ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದಳು. ಅಪ್ಪ ಮೊರ ಹಿಡಿದು ಗಾಳಿ ಹಾಕುತ್ತಿದ್ದರು, ಬನಿಯನ್ನು ಬೆನ್ನಿಗೆ ಅಂಟಿತ್ತು. ಕರೆಂಟು ಹೋದಾಗಿನಿಂದ ಇಬ್ಬರೂ ಇದೇ ಕೆಲಸದಲ್ಲಿದ್ದರಂತೆ. ಫೋನು ಚಾಚಿದೆ.

ಚಿತ್ರದ ಕಡೆ ತಿರುಗುವ ಮೊದಲೇ ಅಪ್ಪ ಕೇಳಿದರು:

"ಜ್ವರದಿಂದ ಎದ್ದೈತೇನಮ್ಮ ನಿಂದು? ಹಂಗಾದ್ರೆ ಫ್ಯಾನ್ ಹಾಕ್ಲಾ?"