ಜಯಮ್ಮನ ಕಾಲೊಳಗೆ ಮುನಿರಾಜು

ಮೊನ್ನೆ ಹೊಸಕೋಟೆಯ ಮೂಳೆ ಡಾಕ್ಟರು ನನ್ನ ಹೆಂಡತಿ ಜಯಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮಂಡಿನೋವೆಂದು ಹೋಗಿದ್ದೆವು. ಮಂಡಿಯ ಕೆಳಗಿನ ಮೂಳೆಗೆ ಅಂಟಿಕೊಂಡು ಒಂದು ಬಿಳಿ ಪಟ್ಟಿ, ಅದರ ತುಂಬ ಸ್ಕ್ರೂ. ಕಂಡದ್ದೇ ತಡ, ನನ್ನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಗ್ಯಾಸ್ಟ್ರಿಕ್ ಅಲ್ಲ ಸ್ವಾಮಿ, ಮುನಿರಾಜು.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಮಾತು. ಹೊಸಕೋಟೆಯಲ್ಲೇ, ಹಳೇ ಮದ್ರಾಸ್ ರಸ್ತೆಯ ಮಗ್ಗುಲಲ್ಲಿ ಒಂದು ತಗಡಿನ ಶೆಡ್ಡು, ಉಕ್ಕಿನ ಬಿಡಿಭಾಗ ಮಾಡುವ ವರ್ಕ್‌ಶಾಪು. ಅಲ್ಲಿ ನಾನೂ ಸಮೇತನಹಳ್ಳಿಯ ಮುನಿರಾಜುವೂ ಎದುರುಬದುರು ಕೂತು ಡ್ರಾಯಿಂಗ್ ಎಳೆಯುತ್ತಿದ್ದೆವು. ಮುರಿದ ಮೂಳೆಗೆ ಹಾಕುವ ಉಕ್ಕಿನ ಪ್ಲೇಟು ಆಗ ವಿಲಾಯಿತಿಯಿಂದ ಬರುತ್ತಿತ್ತು, ಬಿಳಿ ದೊರೆಗಳ ಮೈಕಟ್ಟಿನ ಅಳತೆಗೆ. ನಮ್ಮ ಹೆಂಗಸರ ಸಣ್ಣ ಕಾಲಿಗೆ ಹಾಕಿದರೆ ಚರ್ಮದಡಿ ಗೂಟದ ಹಾಗೆ ಎದ್ದು ನಿಲ್ಲುತ್ತಿತ್ತು. ನಮ್ಮವರಿಗೆ ಒಪ್ಪುವಂಥದ್ದು ಬೇಕೆಂದು ಬೆಂಗಳೂರಿನ ಸರ್ಜನ್ ಒಬ್ಬರು ನಮ್ಮ ಶೆಡ್ಡಿಗೆ ಬಂದರು.

“ಇಬ್ರೂ ಒಂದೊಂದು ಮಾಡಿ. ಯಾವ್ದು ತಾಳ್ಕೊಳ್ಳುತ್ತೋ ಅದನ್ನೇ ಹಾಕ್ತೀನಿ” ಎಂದರು.

ಮುನಿರಾಜುವಿನ ಮೇಲೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚು. ಅವನ ಅಕ್ಷರ ಚೆಂದ, ಕ್ರಾಪು ಇನ್ನೂ ಚೆಂದ. ನಮ್ಮ ಮನೆಗೆ ಊಟಕ್ಕೆ ಬಂದರೆ ಜಯಮ್ಮ ಅವನ ಮುದ್ದೆಗೆ ಕೇಳದೆಯೇ ತುಪ್ಪ ಬಡಿಸುವಳು. ನಾನು ತಟ್ಟೆ ಮುಂದೆ ತಳ್ಳಿದರೆ “ನಿಮಗೆ ಪಿತ್ತ” ಎನ್ನುವಳು.

ನಾನು ದಪ್ಪನೆಯ ಪ್ಲೇಟು ಮಾಡಿದೆ. ಗಟ್ಟಿ ಇದ್ದರಾಯಿತು ಎಂಬುದು ನನ್ನ ಸಿದ್ಧಾಂತ. ಮುನಿರಾಜುವಿನದು ತೆಳು. ತೂತುಗಳನ್ನು ಕೊಂಚ ಉದ್ದ ಮಾಡಿ, ಒಳಗಿನ ಅಂಚನ್ನು ಇಳಿಜಾರು ಮಾಡಿದ್ದ. ಬಿದಿರಿನ ಗಳು ಮುರಿದು, ಅದರ ಮೇಲೆ ಪ್ಲೇಟಿಟ್ಟು ಸ್ಕ್ರೂ ತಿರುಗಿಸಿದ. ಸ್ಕ್ರೂವಿನ ತಲೆ ಇಳಿಜಾರಿನಲ್ಲಿ ಜಾರಿದಂತೆಲ್ಲ ಮುರಿದ ಎರಡು ತುದಿಗಳೂ ಒಂದಕ್ಕೊಂದು ಒತ್ತಿಕೊಂಡವು.

“ಎಲ್ಲಿಂದ ಬಂತಲೇ ಈ ಬುದ್ಧಿ?” ಎಂದೆ.

“ನೇಗ್ಲಿಗೆ ಬೆಣೆ ಹೊಡೆಯಲ್ವೇನೋ? ಇಳಿದಷ್ಟೂ ಬಿಗೀತದೆ. ಅದೇ ಕಣೋ.”

ನಮ್ಮ ಮನೆಯಲ್ಲೂ ನೇಗಿಲಿತ್ತು, ನಾನೂ ಬೆಣೆ ಹೊಡೆದವನೇ. ನನಗೇಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಬೆಂದುಹೋದೆ.

ನನ್ನ ಪ್ಲೇಟು ಯಾರದೆಂದು ಸರ್ಜನ್‌ಗಾದರೂ ತಿಳಿಯಲಿ ಎಂದು ಒಂದು ಕೆಲಸ ಮಾಡಿದೆ. ನಮ್ಮ ಕಡೆ ಸ್ಟೀಲಿನ ಒಂದು ಲೋಟ ಕೊಂಡರೂ ಹೆಸರು ಹೊಡೆಸದೆ ಮನೆಗೆ ತರುವುದಿಲ್ಲ, ನಿಮಗೂ ಗೊತ್ತು. ಪ್ಲೇಟನ್ನು ಪಾತ್ರೆ ಅಂಗಡಿಗೆ ಒಯ್ದು, ಎರಡು ತೂತುಗಳ ನಡುವೆ, ಇನಿಷಿಯಲ್ ಸಮೇತ ನನ್ನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಹೊಡೆಸಿದೆ. ತುಂಬ ಮುದ್ದಾಗಿ ಬಂದಿತ್ತು.

ಪರೀಕ್ಷೆಯ ದಿನ ಎರಡನ್ನೂ ಮಿಷನ್ನಿಗೆ ಸಿಕ್ಕಿಸಿ ಆ ಕಡೆ ಈ ಕಡೆ ಬಾಗಿಸುತ್ತ ಹೋದರು. ನನ್ನದು ಟಪ್ಪೆಂದು ಮುರಿಯಿತು. ಸರ್ಜನ್ ಎರಡೂ ತುಂಡುಗಳನ್ನು ಜೋಡಿಸಿ ಓದಿದರು.

“ನಿಮ್ಮ ಹೆಸರಿನ ಮೇಲೇ ಬಿರುಕು ಬಿಟ್ಟಿದೆಯಲ್ರೀ. ಉಕ್ಕಿಗೆ ಗಾಯ ಮಾಡಿದ್ರೆ ಅಲ್ಲೇ ತಾನೆ ಅದು ಮುರಿಯೋದು?”

ಮುನಿರಾಜು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. “ಹೆಸರು ಇಲ್ದಿದ್ರೆ ಇವನ್ದೂ ನಿಲ್ತಿತ್ತು ಸಾರ್” ಎಂದು ನನ್ನ ಪರವಾಗಿ ವಕಾಲತ್ತು ವಹಿಸಿದ. ಅದನ್ನಂತೂ ನಾನು ಕ್ಷಮಿಸಿಲ್ಲ.

ಮುಂದಿನ ಸುಗ್ಗಿಯಲ್ಲಿ ಜಯಮ್ಮ ಅಟ್ಟದ ಏಣಿಯಿಂದ ಜಾರಿ ಕಾಲು ಮುರಿದುಕೊಂಡಳು. ಅದೇ ಸರ್ಜನ್, ಮುನಿರಾಜುವಿನ ಪ್ಲೇಟು. ಮೋಸಂಬಿ ಹಿಡಿದು ಅವನೇ ನೋಡಲೂ ಬಂದ, ಮಹಾನುಭಾವ. ನೀವೇ ಹೇಳಿ, ಕಟ್ಟಿಕೊಂಡವಳ ಕಾಲೊಳಗೆ ಇನ್ನೊಬ್ಬನ ಕೈಕೆಲಸವಿದ್ದರೆ ಯಾವ ಗಂಡಸಿಗೆ ನೆಮ್ಮದಿ? ಅವಳು ನೀರು ಸೇದಿದಳು, ಹೊಲಕ್ಕೆ ಬುತ್ತಿ ಹೊತ್ತಳು, ಸಂತೆಗೆ ನನಗಿಂತ ಮುಂದೆ ನಡೆದಳು. ಅವಳು ನಡೆದಷ್ಟೂ ಗೆದ್ದವನು ಅವನು.

ಮೊನ್ನೆ ಆ ಡಾಕ್ಟರು ಎಕ್ಸ್‌ರೇ ನೋಡುತ್ತ, “ಎಷ್ಟು ಚೆನ್ನಾಗಿ ಕೂಡಿದೆ. ಫಾರಿನ್ ಪ್ಲೇಟ್ ಇರ್ಬೇಕು” ಎಂದರು.

“ಇಲ್ಲ ಡಾಕ್ಟ್ರೇ, ಇಲ್ಲೇ ಹೊಸಕೋಟೇಲಿ ಮಾಡಿದ್ದು. ನಮ್ಮೆಜಮಾನ್ರೇ ಮಾಡಿದ್ದು” ಎಂದಳು ಜಯಮ್ಮ.

ಡಾಕ್ಟರು ನನ್ನತ್ತ ತಿರುಗಿ ಕೈಮುಗಿದರು. ಬದುಕಿಡೀ ಬಯಸಿದ ನೋಟ ಅದು. ಸುಮ್ಮನಿದ್ದರಾಗಿತ್ತು. ಆದರೆ ಆ ಇಳಿಜಾರಿನ ತೂತುಗಳು ಎದುರಿಗೇ ಕಾಣುತ್ತಿದ್ದವು.

“ನಾನಲ್ಲ. ಸಮೇತನಹಳ್ಳಿ ಮುನಿರಾಜು ಅಂತ” ಎಂದುಬಿಟ್ಟೆ. ಡಾಕ್ಟರು ಆ ಹೆಸರನ್ನು ಬರೆದುಕೊಂಡರು. ನನ್ನದನ್ನು ಕೇಳಲಿಲ್ಲ.

ಹೊರಗೆ ಬಂದು, “ಯಾಕೆ ಸುಳ್ಳು ಹೇಳಿದೆ?” ಎಂದೆ.

“ಇಷ್ಟು ವರ್ಷದಲ್ಲಿ ಈ ಕಾಲನ್ನ ನೀವು ಒಂದ್ಸಲಾನೂ ಒತ್ಲಿಲ್ಲ. ನಿಮ್ದೇ ಅಂದ್ಕೊಂಡಾದ್ರೂ ಒತ್ತೀರೇನೋ ಅಂತ” ಎಂದಳು.

ಆ ಸಂಜೆ ಹರಳೆಣ್ಣೆ ಬಿಸಿ ಮಾಡಿ ಅವಳ ಕಾಲ ಬಳಿ ಕೂತೆ. ಚರ್ಮದಡಿಯಲ್ಲಿ ಪ್ಲೇಟಿನ ಅಂಚು ಬೆರಳಿಗೆ ಸಿಕ್ಕಿತು. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಡವಿದೆ. ಎಲ್ಲೂ ಒಂದು ಉಬ್ಬಿಲ್ಲ, ಒರಟಿಲ್ಲ. ಹಾಳಾದವನು, ಚೆನ್ನಾಗೇ ಮಾಡಿದ್ದ.