ದೀಪ ದೊಡ್ಡದು ಮಾಡುವುದು

ನನ್ನ ಮೊಮ್ಮಗಳು ಕಸ್ತೂರಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು! ಕುಲಗೋಡದ ನಮ್ಮ ಓಣಿಯಲ್ಲಿ ಈ ಸುದ್ದಿ ಕೇಳದೆ ಎಮ್ಮೆಗಳು ಮಾತ್ರ ಉಳಿದಿದ್ದವು. ಹಿಂಡಿ ಇಡುವಾಗ ಅವಕ್ಕೂ ಹೇಳಿಬಿಟ್ಟೆ. ಎರಡನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳಿಗೆ ಇಷ್ಟು ಹಿಗ್ಗು ಶೋಭಿಸದೆಂದು ನೀವು ನಗಬಹುದು. ನಗಿರಿ, ಆದರೆ ಈ ಮುದುಕಿ ಒಂದು ಕಂದೀಲಿಗೆ ಹೆದರಿ ದಿನ ನೂಕಿದ್ದನ್ನೂ ಕೇಳಿರಿ.

ನಮ್ಮ ಮನೆಯಲ್ಲಿ ದೀಪವನ್ನು ಯಾರೂ ಆರಿಸುವುದಿಲ್ಲ. ಅಂದರೆ, ಹಾಗೆ ಅನ್ನುವುದಿಲ್ಲ. ಅಶುಭದ ಮಾತು ಬಾಯಲ್ಲೇಕೆಂದು, ಊದಿ ಕತ್ತಲು ಮಾಡುವುದಕ್ಕೂ ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುವ ಜನ ನಾವು. ಈ ನುಡಿಯನ್ನು ಕಸ್ತೂರಿಗೆ ಹಾಲಿನೊಡನೆ ಕುಡಿಸಿದವಳು ನಾನೇ.

ಹುಕ್ಕೇರಿ ಕಡೆಯ ಮಾಸ್ತರರು ಪರೀಕ್ಷೆಗೆ ಮುಂಚೆ ನಮ್ಮ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕತೆ ಬಿಡಿಸಿ ಹೇಳುತ್ತಿದ್ದರು. “ಕತಿಯೊಳಗಿನ ದೀಪ ಬರೇ ದೀಪ ಅಲ್ರೋ. ಅದರ ಹಿಂದ ಏನೈತಿ ಹುಡುಕ್ರಿ. ನಿಮಗ ಅನಿಸಿದ್ದು ಹೇಳ್ರಿ. ಹಂಗ್ಯಾಕ ಅನಿಸ್ತು, ಅದನ್ನ ಕತಿಯೊಳಗ ತೋರಸ್ರಿ.” ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಹಲ್ಲಿಯ ಶಕುನಕ್ಕೆ, ಅಡ್ಡ ಬಂದ ಬೆಕ್ಕಿಗೆ, ಒಂಟಿ ಸೀನಿಗೆ ಹೆದರುವುದರಲ್ಲೇ ಆಯುಷ್ಯ ಸವೆಸಿದ್ದೆ. ಈಗ ದೀಪದ ಹಿಂದೆಯೂ ಏನೋ ಅಡಗಿದೆಯೆಂದರೆ ಗತಿಯೇನು?

ಗೋಕಾಕದಲ್ಲಿ ಪರೀಕ್ಷೆ ಬರೆದು ಬಂದ ಹುಡುಗಿ ಹೇಳಿದಳು: ಪ್ರಶ್ನೆಯಲ್ಲಿ ಪುಟ್ಟ ಕತೆಯೊಂದನ್ನು ಕೊಟ್ಟಿದ್ದರಂತೆ. ದೂರ ಹೋದ ಮಗನಿಗಾಗಿ ಕಾಯುವ ತಾಯಿ ಕೊನೆಗೆ ಬಾಗಿಲಿಗೆ ಅಗಳಿ ಹಾಕಿ ‘ದೀಪ ದೊಡ್ಡದು ಮಾಡಿದಳು.’ ಆ ದೀಪದ ಅರ್ಥವೇನು? ಉಳಿದವರೆಲ್ಲ ಅದು ಪುಸ್ತಕದ ಮಾತೆಂದು ತಿಳಿದು, ತಾಯಿ ಬತ್ತಿ ಏರಿಸಿದಳು, ಆಸೆ ಬೆಳೆಯಿತು ಎಂದು ಬರೆದಿದ್ದರು. ನಮ್ಮವಳು ಮನೆಯ ಮಾತೆಂದು ತಿಳಿದು, ದೀಪ ಆರಿಸಿದಳು, ಆಸೆ ಬಿಟ್ಟಳು ಎಂದು ಬರೆದಿದ್ದಳು!

“ನಿನ್ನ ಮಾತು ಕೂಸಿನ ಪರೀಕ್ಷೀನ ದೊಡ್ಡದು ಮಾಡ್ತು ನೋಡವ್ವಾ,” ಎಂದ ನನ್ನ ಮಗ. ನಾಪಾಸಾದರೆ ಶಾಲೆ ಬಿಡಿಸಿ ಮದುವೆ ಮಾಡುವೆನೆಂದು ಅವನು ಮೊದಲೇ ಹೇಳಿದ್ದ. ಅಂದಿನಿಂದ ಕಂದೀಲು ಕಂಡರೆ ಮುಖ ತಿರುಗಿಸುತ್ತಿದ್ದೆ. ನನ್ನ ಗಂಗಾಳದ ರೊಟ್ಟಿ ಎಮ್ಮೆಗಳ ಪಾಲಾಗುತ್ತಿತ್ತು. ಅಂಗಳದಲ್ಲಿ ಮಾಸ್ತರರ ಸೈಕಲ್ ಗಂಟೆ ಕೇಳಿದರೆ ಸಾಕು, ಅಡಿಗೆಮನೆಯ ಮೂಲೆ ಸೇರುತ್ತಿದ್ದೆ.

ಇಂದು ಮಧ್ಯಾಹ್ನ ಅದೇ ಗಂಟೆ. ಮೂಲೆಯಿಂದಲೇ ಕೇಳಿದೆ: “ಮಾಸ್ತರ್ರ, ಆ ದೀಪ ಏನಾತ್ರಿ?”

“ಪಾಸಾಗ್ಯಾಳ, ಹೊರಗ ಬರ್ರಿ ಆಯಿ! ಪೇಪರು ನಾ ನೋಡಿಲ್ಲ. ಆದರ ಅಕಿ ಕಾರಣಾನೂ ಬರದಾಳಂತ: ಮಗ ಬರ್ತಾನ ಅನ್ನೋ ತಾಯಿ ಬಾಗಲಕ್ಕ ಅಗಳಿ ಯಾಕ ಹಾಕ್ತಾಳ? ಹಿಂಗ ಆಧಾರ ಕೊಟ್ಟ ಮ್ಯಾಲ ತಪ್ಪು ಅನ್ನಾಕ ಬರೂದಿಲ್ರಿ.”

ಹೆದರಿಕೆಗೂ ಹೀಗೆ ಆಧಾರ ಕೇಳುವ ರೂಢಿ ನನಗಿದ್ದಿದ್ದರೆ, ಇಷ್ಟು ದಿನ ಎಷ್ಟು ರೊಟ್ಟಿ ಉಣ್ಣುತ್ತಿದ್ದೆನೋ!

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಹೋಳಿಗೆ ಊಟಕ್ಕೆ ಕೂತೆವು. ಮಬ್ಬು ಕವಿಯುತ್ತಿತ್ತು, ಕಂದೀಲು ಸಣ್ಣಗೆ ಉರಿಯುತ್ತಿತ್ತು. “ಆಯಿ, ದೀಪ ದೊಡ್ಡದು ಮಾಡ್ಲೇನು?” ಎಂದು ಕಸ್ತೂರಿ ಎದ್ದಳು. ತುತ್ತು ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಅವಳು ನಕ್ಕು ಕಂದೀಲಿನ ಬತ್ತಿ ಏರಿಸಿದಳು. “ಗೋಕಾಕ ಸಾಲಿಗೆ ಹೋಗಾಕ ಮೈಯಾಗ ಕಸುವು ಬೇಕವಾ,” ಎನ್ನುತ್ತ ನನ್ನ ಮಗ ಅವಳ ಗಂಗಾಳಕ್ಕೆ ಇನ್ನೊಂದು ಹೋಳಿಗೆ ಹಾಕಿದ.